ಹದಿನಾರು ಮನೆಯ ಪೆಟ್ಟಿಗೆ

ಹಾರ್ಡ್‌ವೇರ್ ಎಂದರೆ ನಾನು ಬಲ್ಲದ್ದು ಒಂದೇ: ನಮ್ಮ ಬೀದಿಯ ತುದಿಯಲ್ಲಿ ಮೊಳೆ, ತಿರುಪು, ಚಿಲಕ, ಬಣ್ಣದ ಡಬ್ಬಿ ಮಾರುವ ಅಂಗಡಿ. ಸಾಫ್ಟ್‌ವೇರ್ ಎಂದರೂ ಒಂದೇ: ನನ್ನ ಪಾಠವನ್ನು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದ, ಅಥವಾ ಕೇಳದೆ ಇದ್ದ, ಹುಡುಗರು ಬೆಂಗಳೂರಿಗೆ ಹೋಗಿ ಮಾಡುವ ಉದ್ಯೋಗ. ಹೀಗಿರುವಾಗ ಸಂಗೀತ ಕಟ್ಟುವುದಕ್ಕೆ ಇವೆರಡರಲ್ಲಿ ಯಾವುದು ಮೇಲು ಎಂಬ ವ್ಯಾಜ್ಯಕ್ಕೆ ನಾನು ನ್ಯಾಯಾಧೀಶನಾದದ್ದು ಗ್ರಹಚಾರವಲ್ಲದೆ ಮತ್ತೇನು?

ವಾದಿಯೂ ಪ್ರತಿವಾದಿಯೂ ನನ್ನ ಮಗಳೇ. ಹತ್ತೊಂಬತ್ತು ವರ್ಷ, ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ನನ್ನ ತುಟ್ಟಿಭತ್ಯದ ಬಾಕಿ ಬಂದರೆ ಅದು ನಿನಗೆ ಎಂದು ಯಾವಾಗಲೋ ಅವಳಿಗೆ ಮಾತು ಕೊಟ್ಟಿದ್ದೆ. ಕೊಡುವಾಗ ಆ ಬಾಕಿ ಬರುತ್ತದೆ ಎಂಬ ಭಯ ನನಗೆ ಎಳ್ಳಷ್ಟೂ ಇರಲಿಲ್ಲ. ಬಂದೇ ಬಿಟ್ಟಿತು: 38,000 ರೂಪಾಯಿ. ಅವಳು ಎಲೆಕ್ಟ್ರಾನಿಕ್ ಸಂಗೀತ ರಚಿಸುತ್ತಾಳೆ. ತಂತಿ ಇಲ್ಲ, ತೊಗಲಿಲ್ಲ, ಉಸಿರಿಲ್ಲ; ವಿದ್ಯುತ್ತಿನ ಕಂಪನವನ್ನೇ ಹಿಡಿದು, ಸೋಸಿ, ಕೊಯ್ದು, ದನಿ ಮಾಡುವ ವಿದ್ಯೆ ಅದು. ಆ ಹಣದಲ್ಲಿ ತಿರುಗುಗುಂಡಿಗಳಿರುವ ಸಿಂಥಸೈಜರ್ ಪೆಟ್ಟಿಗೆಯೊಂದನ್ನು ಕೊಳ್ಳುವುದೋ, ಲ್ಯಾಪ್‌ಟಾಪಿನಲ್ಲಿ ಈಗ ಪುಕ್ಕಟೆಯಾಗಿ ಬಳಸುತ್ತಿರುವ ಪ್ರೋಗ್ರಾಮಿಗೆ ಬದಲಾಗಿ ದುಡ್ಡು ಕೊಟ್ಟು ದೊಡ್ಡದೊಂದನ್ನು ತರಿಸಿ ಜೊತೆಗೆ ಒಳ್ಳೆಯ ಸ್ಪೀಕರು ಕೊಳ್ಳುವುದೋ ಎಂಬುದು ಪ್ರಶ್ನೆ. ಬೆಳಿಗ್ಗೆ ಅವಳು ಪೆಟ್ಟಿಗೆಯ ಪಕ್ಷ. ಸಂಜೆಗೆ ಪ್ರೋಗ್ರಾಮಿನ ಪಕ್ಷ.

ಈ ವ್ಯಾಜ್ಯದ ಹಿಂದೆ ಇನ್ನೊಂದು ಇತ್ತು. ಅದನ್ನು ಹೇಳದೆ ಮುಂದೆ ಹೋದರೆ ವಾಚಕರಿಗೆ ಮೋಸ ಮಾಡಿದ ಹಾಗೆ. ನನ್ನಾಕೆ ಹಾಡುಗಾರ್ತಿ. ಕಚೇರಿ ಮಾಡುವವಳಲ್ಲ, ಸಂಜೆ ನಾಲ್ಕಾರು ಮಕ್ಕಳಿಗೆ ಪಾಠ ಹೇಳುತ್ತಾಳೆ, ಅಷ್ಟೆ. ಮಗಳು ಅವಳ ಹತ್ತಿರವೇ ಎಂಟು ವರ್ಷ ಕಲಿತು, ಹದಿನೈದನೆಯ ವಯಸ್ಸಿನಲ್ಲಿ ಒಂದು ದಿನ “ಇನ್ನು ಸಾಕು” ಎಂದಳು. ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಮಾರನೆಯ ದಿನದಿಂದ ತಾಯಿ ಮಗಳ ನಡುವೆ ಸಂಗೀತದ ಮಾತು ನಿಂತಿತು. ಆಮೇಲೆ ಲ್ಯಾಪ್‌ಟಾಪು ಬಂತು, ಕಿವಿಗೆ ಹೆಡ್‌ಫೋನು ಬಂತು. ರಾತ್ರಿ ಹನ್ನೊಂದರವರೆಗೆ ಆ ಕೋಣೆಯಲ್ಲಿ ಏನೋ ನಡೆಯುತ್ತಿತ್ತು. ನಮಗೆ ಕೇಳುತ್ತಿದ್ದದ್ದು ಇಲಿಯ ಹಲ್ಲಿನ ಹಾಗೆ ಟಕ್ ಟಕ್ ಎನ್ನುವ ಮೌಸಿನ ಸದ್ದು ಮಾತ್ರ. ಸಂಗೀತವಿರುವ ಮನೆಯಲ್ಲಿ ಅಂಥ ಮೌನವನ್ನು ನಾನು ನೋಡಿರಲಿಲ್ಲ. ಆದ್ದರಿಂದ ನ್ಯಾಯಾಧೀಶನ ಒಲವು ವಿಚಾರಣೆಗೆ ಮೊದಲೇ ಪೆಟ್ಟಿಗೆಯ ಕಡೆಗಿತ್ತು. ಪೆಟ್ಟಿಗೆಯಾದರೆ ಅವಳ ಕೈಯಾದರೂ ಕಾಣುತ್ತದೆ ಎಂದು ನನ್ನ ಆಸೆ. ಇದು ಕಾನೂನಿಗೆ ಸಮ್ಮತವಲ್ಲ, ಬಲ್ಲೆ.

ನನ್ನಾಕೆಯನ್ನು ಕೇಳಿದರೆ, “ಇದರಲ್ಲಿ ಕೇಳುವುದೇನಿದೆ? ನಮ್ಮ ಮನೆಯಲ್ಲಿ ಇದು ಹಿಂದೆಯೇ ತೀರ್ಮಾನವಾಗಿಲ್ಲವೆ?” ಎಂದಳು. ಅವಳು ಹೇಳಿದ್ದು ಶ್ರುತಿಯ ವಿಷಯ. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುತ್ ತಂಬೂರಿಯನ್ನು ರೂಪಿಸಿದರು. ಅಂಥದೊಂದು ಪೆಟ್ಟಿಗೆ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇದೆ. ನಡುವೆ, ಫೋನಿನಲ್ಲೇ ತಂಬೂರಿಯ ಪ್ರೋಗ್ರಾಮು ಸಿಗುತ್ತದೆ, ದನಿಯೂ ಅಸಲಿ ತಂಬೂರಿಗೆ ಹತ್ತಿರವಾಗಿದೆ ಎಂದು ಯಾರೋ ಹೇಳಿದ್ದರಿಂದ ಈಕೆ ಅದಕ್ಕೆ ಬದಲಾಯಿಸಿಕೊಂಡಳು. ನವರಾತ್ರಿಯಲ್ಲಿ ನೆರೆಯವರ ಮನೆಯ ಬೊಂಬೆಗಳ ಮುಂದೆ ಫೋನಿನ ಶ್ರುತಿಗೆ ಆಲಾಪನೆ ಎತ್ತಿ, ತಾರಷಡ್ಜದಲ್ಲಿ ನಿಂತು ಕಣ್ಣು ಮುಚ್ಚಿದ್ದಾಳೆ. ತಂಬೂರಿ ತಟ್ಟನೆ ನಿಂತು, ಸಾಲ ಬೇಕೆ ಎಂದು ಕೇಳುವ ಕರೆಯೊಂದು ಗಣಗಣ ಬಾರಿಸಿತು. ಮಾರನೆಯ ದಿನ ಹಳೆಯ ಪೆಟ್ಟಿಗೆ ಅಟ್ಟದಿಂದ ಇಳಿಯಿತು. “ಅದರ ದನಿ ಫೋನಿನಷ್ಟು ಚೆನ್ನಾಗಿಲ್ಲ. ಆದರೆ ಅದಕ್ಕೆ ಬೇರೇನೂ ಗೊತ್ತಿಲ್ಲ” ಎಂಬುದು ಅವಳ ತೀರ್ಪು.

ಹೆಂಡತಿಯ ತೀರ್ಪನ್ನೇ ನಕಲು ಮಾಡಿ ಸಹಿ ಹಾಕಿದರೆ ಮೇಷ್ಟರ ಮರ್ಯಾದೆ ಉಳಿಯಬೇಕಲ್ಲ! ಆದ್ದರಿಂದ ನಾನೂ ಒಂದಿಷ್ಟು ಓದಿದೆ. ಪೆಟ್ಟಿಗೆ ಹಳೆಯದು, ಪ್ರೋಗ್ರಾಮು ನಿನ್ನೆ ಮೊನ್ನೆಯದು ಎಂದು ನಂಬಿದ್ದವನಿಗೆ ಮೊದಲ ಪುಟದಲ್ಲೇ ಪೆಟ್ಟು ಬಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಎಂಬ ಎಂಜಿನಿಯರು ಬರೆದ ಪ್ರೋಗ್ರಾಮು 1957ರಲ್ಲೇ, ಕೋಣೆ ತುಂಬುವ ಐ.ಬಿ.ಎಂ. ಯಂತ್ರದಲ್ಲಿ, 17 ಸೆಕೆಂಡಿನ ಒಂದು ರಚನೆಯನ್ನು ನುಡಿಸಿತ್ತು. ರಾಬರ್ಟ್ ಮೋಗ್ ತನ್ನ ಸಿಂಥಸೈಜರನ್ನು ಮೊದಲು ತೋರಿಸಿದ್ದು 1964ರಲ್ಲಿ. ಎಂದರೆ ಮೆದುವಾದದ್ದೇ ಅಣ್ಣ, ಗಟ್ಟಿಯಾದದ್ದು ತಮ್ಮ! ಆದರೆ ಆ ಅಣ್ಣನನ್ನು ಮನೆಗೆ ಕರೆಯುವಷ್ಟು ಐಶ್ವರ್ಯ ಯಾರಿಗಿತ್ತು? ಮೋಗನ ಪೆಟ್ಟಿಗೆಯೊಂದು 1969ರಲ್ಲಿ ನಮ್ಮ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೇ ಬಂದಿತ್ತು. ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಜೋಡಿಸಿಕೊಟ್ಟರು, ಗೀತಾ ಸಾರಾಭಾಯಿ ಮೊದಲಾದವರು ಅದರಲ್ಲಿ ಕೆಲಸ ಮಾಡಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂಬಯಿಯ ಚರಣ್‌ಜಿತ್ ಸಿಂಗ್ ಅವರ ಕಥೆ. ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರು ನುಡಿಸುತ್ತಿದ್ದವರು. 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪೆನಿಯ ಮೂರು ಪೆಟ್ಟಿಗೆಗಳನ್ನು ಮುಂದಿಟ್ಟುಕೊಂಡು ಭೈರವ್, ಯಮನ್, ಮಾಲಕೌಂಸ್ ಮುಂತಾದ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿ ಒಂದು ತಟ್ಟೆ ತಂದರು. ಆ ಮೂರರಲ್ಲಿ ಟಿ.ಬಿ. 303 ಎಂಬುದು ತೀರ ಚಿಕ್ಕದು; ಮಂದ್ರಸ್ಥಾಯಿಯ ಗಿಟಾರಿಗೆ ಬದಲಿಯೆಂದು ತಯಾರಾದದ್ದು. ಆ ಕೆಲಸದಲ್ಲಿ ಅದು ನಪಾಸಾಯಿತು. ಯಾರೂ ಕೊಳ್ಳದೆ 1984ರ ಹೊತ್ತಿಗೆ ಅದರ ತಯಾರಿಕೆಯೇ ನಿಂತಿತು. ಆದರೆ ಅದರಲ್ಲೊಂದು ಗುಣವಿತ್ತು: ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವ ಬದಲು ಜಾರುತ್ತಿತ್ತು. ನಮ್ಮವರು ಜಾರು ಎಂದು ಕರೆಯುವ ಗಮಕದ ಬಡ ನೆಂಟ ಎನ್ನಿ. ರಾಗ ಹಿಡಿದವನಿಗೆ ಅದು ಒದಗಿಬಂತು. ತಟ್ಟೆ ಮಾತ್ರ ಆಗ ಮಾರಾಟವಾಗಲಿಲ್ಲ. ಐದು ವರ್ಷದ ಮೇಲೆ, 1987ರಲ್ಲಿ, ಶಿಕಾಗೊ ನಗರದ ಹುಡುಗರು ಅದೇ ಪೆಟ್ಟಿಗೆಯನ್ನು ಅಡ್ಡಾದಿಡ್ಡಿ ತಿರುಗಿಸಿ ಆಸಿಡ್ ಹೌಸ್ ಎಂಬ ಹೊಸ ಸಂಗೀತವನ್ನೇ ಹುಟ್ಟಿಸಿದರು. 2010ರಲ್ಲಿ ಚರಣ್‌ಜಿತ್ ಸಿಂಗರ ತಟ್ಟೆ ಮತ್ತೆ ಅಚ್ಚಾದಾಗ ಲೋಕವೆಲ್ಲ ಬೆರಗಾಯಿತು. ಅವರು ತೀರಿಕೊಂಡದ್ದು 2015ರಲ್ಲಿ; ಕೀರ್ತಿ ಬಾಗಿಲು ತಟ್ಟುವಾಗ ಮನೆಯಲ್ಲಿದ್ದರು ಎಂಬುದೇ ಸಮಾಧಾನ.

ಇಷ್ಟನ್ನು ನಾನು ಊಟದ ಹೊತ್ತಿನಲ್ಲಿ ಉತ್ಸಾಹದಿಂದ ಹೇಳಿದರೆ, ಮಗಳು ಸಾರನ್ನದ ತುತ್ತು ನುಂಗಿ, “ಅಪ್ಪ, ಆ ಮೂರು ಪೆಟ್ಟಿಗೆಯೂ ನನ್ನ ಲ್ಯಾಪ್‌ಟಾಪಿನಲ್ಲಿದೆ” ಎಂದಳು. ನಿಜ. ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪೆನಿಯವರು 1996ರಲ್ಲಿ, ಯಾರು ಬೇಕಾದರೂ ವಾದ್ಯವನ್ನು ಪ್ರೋಗ್ರಾಮಾಗಿ ಬರೆದು ಇನ್ನೊಂದು ಪ್ರೋಗ್ರಾಮಿಗೆ ಸಿಕ್ಕಿಸುವಂಥ ವ್ಯವಸ್ಥೆಯೊಂದಕ್ಕೆ ದಾರಿ ಮಾಡಿದರು. ಅಂದಿನಿಂದ ಲೋಕದ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ನೆರಳಾಗಿ ಒಳಗೆ ಸೇರಿಕೊಂಡಿವೆ. ನೆರಳಿಗೂ ಅಸಲಿಗೂ ಕಿವಿಯಲ್ಲಿ ಭೇದ ತಿಳಿಯುವವರು ಕಡಮೆ. ತಿಳಿಯುತ್ತದೆ ಎಂದು ಹೇಳಿಕೊಳ್ಳುವವರು ಬಹಳ. ಪ್ರೋಗ್ರಾಮಿನಲ್ಲಿ ಕೀಲಿ ಒತ್ತಿದರೆ ದನಿ ತಡವಾಗಿ ಹೊರಡುತ್ತದೆ ಎಂಬ ದೂರನ್ನೂ ನಾನು ಓದಿದ್ದೆ. ಅವಳು ಚೀಟಿಯ ಮೇಲೆ ಲೆಕ್ಕ ಹಾಕಿ ತೋರಿಸಿದಳು. ಯಂತ್ರ ಸೆಕೆಂಡಿಗೆ 44,100 ಬಿಂದುಗಳಂತೆ ದನಿಯನ್ನು ಬಿಡಿಸುತ್ತದೆ. ಒಂದು ಸಲಕ್ಕೆ 256 ಬಿಂದುಗಳ ಗಂಟು ಕಟ್ಟಿದರೆ ತಡವಾಗುವುದು ಸೆಕೆಂಡಿನ ಸಾವಿರದಲ್ಲಿ ಆರು ಪಾಲಿಗಿಂತ ಕಡಮೆ. ಅಷ್ಟು ಹೊತ್ತಿನಲ್ಲಿ ದನಿ ಗಾಳಿಯಲ್ಲಿ ಎರಡು ಮೀಟರು ನಡೆಯುತ್ತದೆ. “ಅಮ್ಮನಿಗೂ ಮೃದಂಗದವರಿಗೂ ನಡುವೆ ಅಷ್ಟು ದೂರ ಇರುವುದಿಲ್ಲವೆ? ಅಮ್ಮ ಎಂದಾದರೂ ದೂರಿದ್ದುಂಟೆ?” ಎಂದಳು. ನಾನು ಮಜ್ಜಿಗೆ ಬಡಿಸಿಕೊಂಡೆ.

ಅವಳ ಇನ್ನೊಂದು ಮಾತು ನನಗೆ ನಾಟಿತು. 1982ರಲ್ಲಿ ಅಂಥ ಮೂರು ಪೆಟ್ಟಿಗೆ ಕೊಳ್ಳಬೇಕಾದರೆ ಸಿನಿಮಾದಲ್ಲಿ ದುಡಿಯುವ ವಾದಕನಾಗಿರಬೇಕಿತ್ತು. ಇಂದು ಮೇಷ್ಟರ ಮಗಳು ಕಾಲೇಜಿನ ಪಾಠಕ್ಕೆಂದು ತೆಗೆದುಕೊಟ್ಟ ಯಂತ್ರದಲ್ಲಿ, ಕಾಸು ಖರ್ಚಿಲ್ಲದೆ, ಅದೇ ಕೆಲಸಕ್ಕೆ ಕೈ ಹಾಕಬಹುದು. ಪ್ರೋಗ್ರಾಮು ಇಲ್ಲದಿದ್ದರೆ ಅವಳು ಆರಂಭಿಸುತ್ತಲೇ ಇರಲಿಲ್ಲ. ಇದನ್ನು ಒಪ್ಪದೆ ಪೆಟ್ಟಿಗೆಯನ್ನು ಹೊಗಳುವವರು ಉಂಡು ಕೈತೊಳೆದವರು.

ಹಾಗಾದರೆ ಪೆಟ್ಟಿಗೆ ಏಕೆ ಬೇಕು ಎಂದು ಕೇಳಿದೆ. ಉತ್ತರವಾಗಿ ಅವಳು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು. ನಾಲ್ಕು ವರ್ಷದ ಕೆಲಸ, ಅರವತ್ತಮೂರು ರಚನೆಗಳು. “ಇದರಲ್ಲಿ ಎಷ್ಟು ಮುಗಿದಿವೆ?” ಎಂದೆ. “ಒಂದೂ ಇಲ್ಲ” ಎಂದಳು. ನಗುತ್ತಲೇ ಹೇಳಿದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಯಾವುದನ್ನು ಬೇಕಾದರೂ ಯಾವಾಗ ಬೇಕಾದರೂ ತಿದ್ದಬಹುದು. ಒಂದು ಡೋಲಿನ ಪೆಟ್ಟಿಗೆ ಎರಡು ಸಾವಿರ ಬಗೆಯ ಪೆಟ್ಟುಗಳಿಂದ ಆರಿಸಬೇಕು. ಆರಿಸಿದ ಮೇಲೂ ನಾಳೆ ಬದಲಾಯಿಸಬಹುದು. ಹಾಗಾಗಿ ಯಾವುದೂ ಬೇಡವೆನಿಸುವುದಿಲ್ಲ, ಯಾವುದೂ ಸಾಕೆನಿಸುವುದಿಲ್ಲ.

ನಾನು ಉತ್ತರ ಕೊಡದೆ ಎದ್ದು ಬಂದೆ. ಕಾರಣವಿತ್ತು. ಷಟ್ಪದಿಗಳ ನಡಿಗೆಯ ಮೇಲೆ ನಾನೊಂದು ಪುಸ್ತಕ ಬರೆಯುತ್ತಿದ್ದೇನೆ, ಹನ್ನೊಂದು ವರ್ಷವಾಯಿತು. ನನ್ನ ಕಂಪ್ಯೂಟರಿನಲ್ಲಿ ಅದರ ಹದಿನೇಳು ಪ್ರತಿಗಳಿವೆ. ಹದಿಮೂರನೆಯದರ ಹೆಸರು ‘ಅಂತಿಮ’. ಹದಿನೈದನೆಯದು ‘ನಿಜವಾಗಿ ಅಂತಿಮ’. ಹದಿನೇಳನೆಯದಕ್ಕೆ ಹೆಸರಿಡಲು ನಾಚಿಕೆಯಾಗಿ ತಾರೀಖು ಮಾತ್ರ ಹಾಕಿದ್ದೇನೆ. ಮಸಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಕಾಗದ ಚಿತ್ತಾದೀತೆಂಬ ಭಯಕ್ಕೇ ಒಂದು ವಾಕ್ಯ ಒಂದು ಕಡೆ ನಿಲ್ಲುತ್ತಿತ್ತು. ಮಗಳ ಕಾಯಿಲೆ ತಂದೆಯಿಂದ ಬಂದದ್ದು ಎಂದು ಹೇಗೆ ಹೇಳಲಿ?

ಪೆಟ್ಟಿಗೆಯೇ ಆಗಲಿ, ಆದರೆ ಹಳೆಯದು ಸಾಕು, ಚಿಕ್ಕದು ಸಾಕು ಎಂದು ತೀರ್ಪಿತ್ತೆ. ಮಾರುವವರೊಬ್ಬರನ್ನು ಬೆಂಗಳೂರಿನಲ್ಲಿ ಅವಳೇ ಹುಡುಕಿದಳು. ಮೈಸೂರಿನಿಂದ ಬೆಳಗಿನ ರೈಲಿಗೆ ಇಬ್ಬರೂ ಹೊರಟೆವು. ಆ ತರುಣನ ಕೋಣೆಯಲ್ಲಿ ಹನ್ನೊಂದು ಪೆಟ್ಟಿಗೆಗಳು, ಅವುಗಳ ನಡುವೆ ಹಾವಿನ ಹುತ್ತ ಒಡೆದಂತೆ ವಯರುಗಳು. ನೀವು ಇದರಲ್ಲಿ ಎಷ್ಟು ರಚನೆ ಮಾಡಿದ್ದೀರಿ ಎಂದು ಹಳ್ಳಿಗನ ಹಾಗೆ ಕೇಳಿಬಿಟ್ಟೆ. ಪಾಪ, ಒಳ್ಳೆಯ ಹುಡುಗ, ಬೇಸರ ಮಾಡಿಕೊಳ್ಳಲಿಲ್ಲ. “ಇನ್ನೂ ಒಂದು ಪೆಟ್ಟಿಗೆ ಬರಬೇಕು ಸಾರ್, ಬಂದ ಮೇಲೆ ಶುರು ಮಾಡಬೇಕು” ಎಂದ. ಅದಕ್ಕೆ ಹಣ ಹೊಂದಿಸಲೆಂದೇ ಇದನ್ನು ಮಾರುತ್ತಿದ್ದಾನಂತೆ. ನನ್ನ ಮಗಳು ನನ್ನ ಮುಖ ನೋಡಿದಳು. ಗಟ್ಟಿ ಪದಾರ್ಥವನ್ನು ಕೊಂಡ ಮಾತ್ರಕ್ಕೆ ಗುಣವಾಗುವ ಕಾಯಿಲೆ ಇದಲ್ಲ ಎಂದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಆದರೂ 9,500 ರೂಪಾಯಿ ಎಣಿಸಿಕೊಟ್ಟು ತಂದೆವು. ಅಷ್ಟು ದೂರ ಹೋಗಿದ್ದೆವಲ್ಲ!

ಅದು ಜಪಾನಿನ ಕಾರ್ಗ್ ಕಂಪೆನಿಯವರು 2013ರಲ್ಲಿ ತಂದ ವೋಲ್ಕಾ ಬೇಸ್ ಎಂಬ ಪೆಟ್ಟಿಗೆ. ನಮ್ಮ ಪಂಚಾಂಗಕ್ಕಿಂತ ಸ್ವಲ್ಪ ದೊಡ್ಡದು. ಆರು ಪೆನ್ಸಿಲ್ ಸೆಲ್ಲು ಹಾಕಿದರೆ ನಡೆಯುತ್ತದೆ. ಮಂದ್ರಸ್ಥಾಯಿಗೆಂದೇ ಹುಟ್ಟಿದ ಈ ವಾದ್ಯಕ್ಕೆ ಬೆಂಕಿಪೊಟ್ಟಣದಷ್ಟು ಸ್ಪೀಕರು ಕೊಟ್ಟಿರುವುದು ಜಪಾನೀಯರ ಹಾಸ್ಯವಿರಬೇಕು. ಮುಂಭಾಗದಲ್ಲಿ ಸಾಲಾಗಿ ಹದಿನಾರು ಮನೆ. ಮನೆಗೊಂದು ಸ್ವರ ಕೂರಿಸಿದರೆ ಹದಿನಾರೂ ಮುಗಿದು ಮತ್ತೆ ಮೊದಲಿಂದ ಸುತ್ತುತ್ತದೆ. ಹಳೆಯ 303ರ ಹಾಗೆ ಸ್ವರದಿಂದ ಸ್ವರಕ್ಕೆ ಜಾರುವ ಅನುಕೂಲವೂ ಉಂಟು. ಸ್ವರಗಳ ಸಾಲನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಗುಂಡಿಗಳನ್ನು ತಿರುಗಿಸಿ ಮಾಡಿದ ದನಿಯ ಬಣ್ಣವನ್ನು ನೆನಪಿಡುವುದಿಲ್ಲ. ಗುಂಡಿ ಕದಲಿದರೆ ಆ ದನಿ ಹೋಯಿತು. 1970ರ ಮಿನಿಮೋಗ್ ಕೂಡ ಹಾಗೆಯೇ ಇತ್ತಂತೆ; ಗುಂಡಿಗಳ ಸ್ಥಾನವನ್ನು ವಾದಕರು ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಆ ಗುಮಾಸ್ತೆಯ ಕೆಲಸ ನನಗೆ ಬಂತು. ‘ಎರಡನೆಯ ಗುಂಡಿ: ಗಂಟೆ ಮೂರು. ಐದನೆಯದು: ಹತ್ತೂವರೆಯಿಂದ ಒಂದು ಕೂದಲೆಳೆ ಈಚೆ.’

ಹದಿನಾರು ಮನೆ ಆದಿತಾಳಕ್ಕೆ ಸರಿ. ಎಂಟು ಅಕ್ಷರ, ಒಂದೊಂದಕ್ಕೆ ಎರಡು. ಮಗಳಿಗೆ ಏಳರ ಮಿಶ್ರಛಾಪು ಬೇಕಿತ್ತು. ಎರಡು ಮನೆಗಳನ್ನು ಮುಚ್ಚಿಬಿಡಬಹುದು, ಆಗ ಹದಿನಾಲ್ಕಕ್ಕೇ ಸುತ್ತುತ್ತದೆ ಎಂದು ಮುಚ್ಚಿದಳು. ಅಳಗುಳಿಮಣೆಯ ಹಾಗೆ ಹದಿನಾಲ್ಕು ಗುಳಿ ಉಳಿಯಿತು. ಮೂರು, ನಾಲ್ಕು, ಮೂರು, ನಾಲ್ಕು. ವಾರಾನ್ನದ ಕಾಲದಿಂದ ಗಮಕ ಕೇಳಿ ಬೆಳೆದ ಈ ಕಿವಿ ನಿಮಿರಿತು. “ಅಯ್ಯೋ, ಇದು ಭಾಮಿನಿಯ ಮೊದಲ ಪಾದ ಕಣೆ!” ಎಂದು ಕೂಗಿದೆ. ಕುಮಾರವ್ಯಾಸನ ಭಾರತವೆಲ್ಲ ನಡೆದುಬಂದ ನಡಿಗೆ, ಆರು ಪೆನ್ಸಿಲ್ ಸೆಲ್ಲಿನ ಮೇಲೆ! ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಸಂಗೀತದ ಬಗೆಗೆ ನಾನು ಹೇಳಿದ ಮಾತೊಂದು ಅವಳಿಗೆ ಉಪಯೋಗಕ್ಕೆ ಬಂತು. ಕಾಗದ ತಂದು ಷಟ್ಪದಿ ಬಿಡಿಸಿ ತೋರಿಸಿದೆ. ಮೊದಲೆರಡು ಪಾದ ಹದಿನಾಲ್ಕು ಮಾತ್ರೆ, ಸರಿ. ಮೂರನೆಯ ಪಾದದಲ್ಲಿ ಮೂರು ನಾಲ್ಕರ ಜೋಡಿ ಮೂರು ಸಲ, ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಪೆಟ್ಟಿಗೆಯಲ್ಲಿ ಹದಿನಾರರ ಮೇಲೆ ಮನೆಯಿಲ್ಲ! ಹದಿನಾಲ್ಕಾದ ಮೇಲೆ ಇನ್ನೂ ಒಂಬತ್ತು ಮಾತ್ರೆಯನ್ನು ಎಲ್ಲಿಂದ ತರುವುದು? ಲ್ಯಾಪ್‌ಟಾಪಿನಲ್ಲಾದರೆ ಇಪ್ಪತ್ತಮೂರು ಏನು, ಇಪ್ಪತ್ತಮೂರು ಸಾವಿರವೂ ಹಿಡಿಸುತ್ತದೆ. ಅವಳು ಮಾತ್ರ ಆ ಒಂಬತ್ತನ್ನು ಕುರಿತು ಒಂದು ವಾರ ಯೋಚಿಸಿದಳು.

ಈ ನಡುವೆ ಆ ಪುಟ್ಟ ಸ್ಪೀಕರಿನ ದೆಸೆಯಿಂದ ಪೆಟ್ಟಿಗೆಯ ಕೀರಲು ಅಡಿಗೆಮನೆಗೆ ಕೇಳುತ್ತಿತ್ತು. ಒಂದು ಸಂಜೆ ತೋಡಿಯ ಸ್ವರಗಳನ್ನು ಕೂರಿಸುತ್ತಿದ್ದಳು. ಸೊಪ್ಪು ಬಿಡಿಸುತ್ತಿದ್ದ ತಾಯಿ ತಡೆಯಲಾರದೆ, “ಆ ಗಾಂಧಾರ ಹಾಗೆ ಗೂಟ ಹೊಡೆದ ಹಾಗೆ ನಿಲ್ಲಬಾರದು” ಎಂದಳು, ಗೋಡೆಗೆ ಹೇಳಿದ ಹಾಗೆ. ಮಗಳು ಏನೋ ಗುಂಡಿ ತಿರುಗಿಸಿದಳು, ಸ್ವರ ಅಲುಗಾಡತೊಡಗಿತು. “ಈಗ ನಡುಗುತ್ತಿದೆ. ಜ್ವರ ಬಂದವರ ಹಾಗೆ. ಕಂಪಿಸಬೇಕು” ಎಂದು ಒಳಗಿನಿಂದ ಬಂತು. ಗುಂಡಿ ಇನ್ನಷ್ಟು ನಿಧಾನವಾಯಿತು. ಆದರೆ ಯಂತ್ರದ ಕಂಪನ ಗಡಿಯಾರದ ಲೋಲಕದಂತೆ ಎರಡು ಕಡೆಗೂ ಸಮ. ತೋಡಿಯ ಗಾಂಧಾರ ಹಾಗೆ ಸಮವಾಗಿ ತೂಗುವುದಿಲ್ಲ. ರಿಷಭದ ಹತ್ತಿರ ಹೋಗಿ, ಮಧ್ಯಮವನ್ನು ಮುಟ್ಟಿಯೂ ಮುಟ್ಟದ ಹಾಗೆ ಬರುತ್ತದೆ. ಕಡೆಗೆ ಸೊಪ್ಪಿನ ತಟ್ಟೆಯನ್ನು ಹಿಡಿದೇ ಹೊರಗೆ ಬಂದು ಒಂದು ಸಲ ಹಾಡಿ ತೋರಿಸಿದಳು, ತಿರುಗಿ ಹೋದಳು.

“ಅಮ್ಮ, ಅದನ್ನು ರೆಕಾರ್ಡ್ ಮಾಡಿಕೊಳ್ಳಲೆ?” ಎಂದು ಕೇಳಲು ಮಗಳಿಗೆ ಎರಡು ದಿನ ಬೇಕಾಯಿತು. “ನನ್ನ ಗಂಟಲು ಸರಿಯಿಲ್ಲ” ಎಂಬ ಉತ್ತರಕ್ಕೆ ಒಂದು ಗಳಿಗೆಯೂ ಬೇಕಾಗಲಿಲ್ಲ. ನಾಲ್ಕನೆಯ ದಿನ ತಾನೇ ಪೆಟ್ಟಿಗೆಯ ಮುಂದೆ ಕುಳಿತು, “ಇದರ ಶ್ರುತಿ ಇಳಿದಿದೆ” ಎಂದಳು. ಇಳಿದಿತ್ತು, ಸೆಕೆಗೆ ಈ ಬಗೆಯ ಪೆಟ್ಟಿಗೆಗಳ ಶ್ರುತಿ ಜರುಗುವುದುಂಟು. ಅದರಲ್ಲಿ ಮೂರು ಕಂಪಕಗಳು, ಒಂದೊಂದಕ್ಕೆ ಒಂದು ಶ್ರುತಿಯ ಗುಂಡಿ. ತನ್ನ ಗುರುಗಳ ಮನೆಯಲ್ಲಿ ತಂಬೂರಿ ಮಿಡಿಯುತ್ತ ಬಿರಡೆ ತಿರುಗಿಸಿ ಬೆಳೆದವಳು. ಯಾರೂ ಹೇಳಿಕೊಡದೆ ಒಂದನ್ನು ಪಂಚಮಕ್ಕೆ, ಎರಡನ್ನು ಷಡ್ಜಕ್ಕೆ ಸೇರಿಸಿದಳು. ಎರಡು ಷಡ್ಜಗಳು ಕೂಡುವ ಮುನ್ನ ಅಲೆಯಲೆಯಾಗಿ ಹೊಡೆದುಕೊಂಡು, ಆಮೇಲೆ ಒಂದಾದವು. ಮಗಳು ನೋಡುತ್ತಿದ್ದಳು. ನಾನು ಗುಂಡಿಗಳ ಸ್ಥಾನ ಬರೆದುಕೊಳ್ಳುವುದನ್ನು ಮರೆತೆ.

ಒಂಬತ್ತು ಮಾತ್ರೆಯ ಜಾಗದಲ್ಲಿ ಈಗ ತಾಯಿಯ ಗಾಂಧಾರವಿದೆ. ಪೆಟ್ಟಿಗೆ ಹದಿನಾಲ್ಕು ಮುಗಿಸಿ ಸುಮ್ಮನಾಗುತ್ತದೆ, ಅವಳ ದನಿ ಬಂದು ಹೋಗುತ್ತದೆ, ಪೆಟ್ಟಿಗೆ ಮತ್ತೆ ಹೊರಡುತ್ತದೆ. ದನಿಯನ್ನು ಹಿಡಿದದ್ದು, ಕತ್ತರಿಸಿದ್ದು, ಎರಡನ್ನೂ ಜೋಡಿಸಿದ್ದು ಎಲ್ಲ ಲ್ಯಾಪ್‌ಟಾಪಿನಲ್ಲೇ. ಪೆಟ್ಟಿಗೆಯಿಂದ ಅದೆಲ್ಲ ಆಗುವ ಹಾಗಿರಲಿಲ್ಲ. ಮೂರು ನಿಮಿಷ ನಲವತ್ತು ಸೆಕೆಂಡು. ಮುಗಿದಿದೆ ಎಂದು ಹೇಳಿದಳು. ನನ್ನಾಕೆ ಹೆಡ್‌ಫೋನು ಹಾಕಿಕೊಂಡು ಎರಡು ಸಲ ಕೇಳಿ, “ಎರಡನೆಯ ಸಲ ನಾನು ಸ್ವಲ್ಪ ಆತುರಪಟ್ಟಿದ್ದೇನೆ, ಇನ್ನೊಮ್ಮೆ ಹಾಡುತ್ತೇನೆ” ಎಂದಳು. ಮಗಳು ಆಗುವುದಿಲ್ಲ ಎಂದಳು. ಪಕ್ಕದ ಮನೆಯ ಮಗು ಬಂದು ಗುಂಡಿಗಳನ್ನೆಲ್ಲ ಮನಸ್ವಿ ತಿರುಗಿಸಿ ಹೋಗಿತ್ತು. ಆ ದನಿ ಇನ್ನು ಬರುವಂತಿರಲಿಲ್ಲ.

ಉಳಿದ 28,500 ರೂಪಾಯಿ ಬ್ಯಾಂಕಿನಲ್ಲಿದೆ. ಸ್ಪೀಕರಿಗೆ ಎಂದು ಮಗಳು, ಅಸಲಿ ತಂಬೂರಿಗೆ ಎಂದು ತಾಯಿ. ನಾನು ಈ ವ್ಯಾಜ್ಯದಿಂದ ನಿವೃತ್ತನಾಗಿದ್ದೇನೆ. ಕಳೆದ ವಾರ ಒಂದು ರಾತ್ರಿ ಧೈರ್ಯ ಮಾಡಿ ಷಟ್ಪದಿಯ ಪುಸ್ತಕವನ್ನು ಅಚ್ಚಿನ ಮನೆಗೆ ಕಳಿಸಿಯೂ ಬಿಟ್ಟೆ. ಕಳಿಸಿದ್ದು ಹದಿನೇಳನೆಯ ಪ್ರತಿಯೋ ‘ನಿಜವಾಗಿ ಅಂತಿಮ’ವೋ ಎಂಬ ಅನುಮಾನ ಬಂದಿದೆ, ನೋಡಲು ಹೋಗಿಲ್ಲ.